ಮಗ್ಗದ ಸದ್ದಿಗೆ ನಾನು ಕಟ್ಟಿದ ಸಂಗೀತ

ನನ್ನೊಳಗೆ ಒಬ್ಬ ಸಂಗೀತಗಾರ ಇದ್ದಾನೆಂದು ನನಗೆ ಗೊತ್ತಾದದ್ದು ನಲವತ್ತೇಳನೇ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ತಿಂಡಿಗಿಂತ ಮುಂಚೆ. ಅಲ್ಲಿಯವರೆಗೆ ನಾನು ಚಳ್ಳಕೆರೆಯ ಒಂದು ಪ್ರೌಢಶಾಲೆಯಲ್ಲಿ ಬರೀ ಗಣಿತದ ಮೇಷ್ಟ್ರಾಗಿದ್ದೆ.

ಆ ದಿನ ನನ್ನ ಲ್ಯಾಪ್‌ಟಾಪಿಗೆ ಒಂದು ಪ್ಲಗಿನ್ ಇಳಿಸಿಕೊಂಡೆ. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರು ಬಳಸುವ ಪುಟ್ಟ ಸಲಕರಣೆ ಅದು. ಯಾವ ಸದ್ದನ್ನಾದರೂ ಅದರ ಬಾಯಿಗೆ ಹಾಕಿ, ಒಂದು ತುಣುಕು ಕತ್ತರಿಸಿ, ತಾಳಕ್ಕೆ ಕೂರಿಸಿ, ಮತ್ತೆ ಮತ್ತೆ ತಿರುಗಿಸಿ ನುಡಿಸುತ್ತದೆ. ಇದಕ್ಕೆ ಲೂಪ್ ಎನ್ನುತ್ತಾರೆ. ಮೂಲೆಯಲ್ಲಿ ದಾಳದ ಚಿತ್ರವಿರುವ ಒಂದು ಬಟನ್. ಅದನ್ನು ಒತ್ತಿದರೆ ಯಾವ ತುಣುಕು ಬೇಕೆಂದು ಪ್ಲಗಿನ್ನೇ ಆರಿಸಿಬಿಡುತ್ತದೆ. ನೋಡಿ ನನಗೆ ಮೈ ಜುಮ್ಮೆಂದಿತು. ರಾಗ ಗೊತ್ತಿರಬೇಕಿಲ್ಲ, ತಾಳ ಗೊತ್ತಿರಬೇಕಿಲ್ಲ. ನನ್ನಂಥವನಿಗೆಂದೇ ಮಾಡಿದ್ದು!

ಮೊದಲ ಪ್ರಯೋಗ ನಮ್ಮ ಅಡುಗೆಮನೆಯ ಕುಕ್ಕರಿನ ಮೇಲೆ ನಡೆಯಿತು. ಅದರ ಕೂಗನ್ನು ಲೂಪಿಗೆ ಹಾಕಿ ಜೋರಾಗಿ ನುಡಿಸಿದೆ. ನನ್ನ ಹೆಂಡತಿ ಸುಜಾತ ಮೂರು ಕೂಗು ಎಣಿಸಿ ಒಲೆ ಆರಿಸಿದಳು. ಅದರಲ್ಲಿ ಎರಡು ಕೂಗು ನನ್ನವು. ಅಂದು ಬೇಳೆ ಕಲ್ಲಿನಂತಿತ್ತು.

ಎರಡನೆಯದು ಎಣ್ಣೆ ಗಿರಣಿಯಲ್ಲಿ. ಶೇಂಗಾ ಅರೆಯುವ ಯಂತ್ರದ ಧಡಧಡ ಹಿಡಿಯೋಣವೆಂದು ಊರ ಹೊರಗಿನ ಒಂದು ಗಿರಣಿಗೆ ಹೋಗಿ ಫೋನ್ ಎತ್ತಿ ಹಿಡಿದೆ. ಅಲ್ಲಿದ್ದ ಗುಮಾಸ್ತರು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡರು. ತಕ್ಷಣ ಯಂತ್ರ ನಿಲ್ಲಿಸಿ ಕುರ್ಚಿ ಹಾಕಿಸಿದರು, ಟೀ ತರಿಸಿದರು. ಮೇಷ್ಟ್ರು ಎಂದು ನಾನು ಹೇಳಿದಷ್ಟೂ ಅವರ ಅನುಮಾನ ಹೆಚ್ಚಿತು. ಅರ್ಧ ಗಂಟೆ ಕೂತು ನಾನು ರೆಕಾರ್ಡ್ ಮಾಡಿಕೊಂಡು ಬಂದದ್ದು ಒಂದು ಫ್ಯಾನಿನ ಸದ್ದು.

ಉತ್ಸಾಹ ಎಳ್ಳಷ್ಟೂ ಕುಂದಲಿಲ್ಲ. ಏಕೆಂದರೆ ಮೊಳಕಾಲ್ಮುರಿನಲ್ಲಿ ನನ್ನ ಮಾವನ ಮಗ್ಗವಿತ್ತು. ರೇಷ್ಮೆ ಸೀರೆ ನೇಯುವ ಮಾವನವರು ಮಾತಿಗಿಂತ ಮಗ್ಗವನ್ನೇ ಹೆಚ್ಚು ಆಡಿಸುವವರು. ಹದಿನೈದು ದಿನಕ್ಕೆ ಅವರ ಮಗ, ಅಂದರೆ ನನ್ನ ಭಾಮೈದ ಮಂಜುವಿನ ನಿಶ್ಚಿತಾರ್ಥ. ಹೆಣ್ಣಿನ ಕಡೆಯವರು ಗಡಿಯಾಚೆ ರಾಯದುರ್ಗದವರು. ಅವರ ಮುಂದೆ ನಮ್ಮ ಮಗ್ಗದ ಸದ್ದಿನಿಂದಲೇ ಸಂಗೀತ ನುಡಿಸುತ್ತೇನೆಂದು ಘೋಷಿಸಿದೆ.

"ಇದ್ರಾಗೆ ಹಾಡೈತಾ ಅಳಿಯಂದ್ರೆ?" ಎಂದು ಕೇಳಿದರು ಮಾವ. ಐತೆ ಮಾವ, ನೀವು ನೇಯ್ತಾ ಹೋಗಿ ಎಂದೆ. ಅವರು ಎದ್ದು ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದು ಕೂತರು. ಸದ್ದಿನಲ್ಲಿ ಅಂಗಿ ಕಾಣುವುದಿಲ್ಲವೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಫೋನನ್ನು ಕಿಟಕಿಯಲ್ಲಿಟ್ಟು ನಾನು ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಪೇಟೆಗೆ ಹೋದೆ. ನಲವತ್ತು ನಿಮಿಷ ಬಿಟ್ಟು ಬಂದೆ. ಆ ನಲವತ್ತು ನಿಮಿಷವನ್ನು ಪೂರ್ತಿ ಕೇಳಬೇಕಿತ್ತು. ಮೊದಲ ಐದು ನಿಮಿಷ ಕೇಳಿ, ಆನಂದದಿಂದ ಇಡೀ ರೆಕಾರ್ಡನ್ನು ಪ್ಲಗಿನ್ನಿಗೆ ಸುರಿದೆ. ಮನೆಯಲ್ಲಿ ಬೇಕಾದಷ್ಟು ಸಲ ದಾಳದ ಬಟನ್ ಒತ್ತಿ ನೋಡಿದೆ. ಪ್ರತಿ ಸಲವೂ ನೂಲು ಹೊತ್ತು ಓಡುವ ಲಾಳಿಯ ಸದ್ದು, ಎಳೆ ಬಡಿಯುವ ಹಲಗೆಯ ಸದ್ದು. ಹತ್ತನೇ ತರಗತಿಗೆ ಸಂಭವನೀಯತೆಯ ಪಾಠ ಮಾಡುವವನು ನಾನು.

ನಿಶ್ಚಿತಾರ್ಥದ ದಿನ ಮಾವನ ಮನೆಯಂಗಳದಲ್ಲಿ ಚಪ್ಪರ. ನನ್ನಷ್ಟೇ ಎತ್ತರದ ಎರಡು ಸ್ಪೀಕರು. ಮೊದಲು ಮಗ್ಗದ ಟಕಟಕ ತಾಳವಾಗಿ ಎದ್ದಿತು. ಬೀಗರ ತಲೆಗಳು ಅಲ್ಲಾಡತೊಡಗಿದವು. ಮಾವ ಗದ್ದ ಮೇಲೆತ್ತಿ ಕೂತರು. ಸುಜಾತ ನನ್ನ ಕಡೆ ನೋಡಿ ನಕ್ಕಳು, ಕುಕ್ಕರಿನ ಬಳಿಕ ಮೊದಲ ಸಲ. ನನಗೆ ಎದೆ ಉಬ್ಬಿ ಅಂಗಿ ಬಿಗಿಯಾಯಿತು. ದಾಳ ಒತ್ತಿದೆ. ಲಾಳಿ ಹಿಂದುಮುಂದಾಗಿ ಹಾರಿತು. ಇನ್ನೊಮ್ಮೆ ಒತ್ತಿದೆ. ಯಾವುದೋ ಕೋಳಿ ತಾಳಕ್ಕೆ ಸರಿಯಾಗಿ ಕೂಗಿತು. ಜನ ಚಪ್ಪಾಳೆ ತಟ್ಟಿದರು. ಮೂರನೇ ಸಲ ಒತ್ತಿದೆ.

"ಬೀಗಿತ್ತಿಗೆ ಹಳೇ ಸೀರೇನೇ ಸಾಕು."

ನಮ್ಮ ಅತ್ತೆಯ ಧ್ವನಿ, ನಾನು ಪೇಟೆಗೆ ಹೋಗಿದ್ದಾಗ ಮಗ್ಗದ ಬಳಿ ಮಾವನಿಗೆ ಹೇಳಿದ್ದು. ಒಂದೇ ಸಲ ಬಂದಿದ್ದರೆ ಯಾರೋ ಏನೋ ಅಂದರೆಂದು ಹೋಗಿಬಿಡುತ್ತಿತ್ತು. ಆದರೆ ಅದು ಲೂಪು. ಹಳೇ ಸೀರೇನೇ ಸಾಕು, ಸೀರೇನೇ ಸಾಕು, ಸಾಕು ಸಾಕು ಸಾಕು. ತಾಳ ಎಲ್ಲೂ ತಪ್ಪಲಿಲ್ಲ. ಹಿಂದಿನ ಸಾಲಿನಲ್ಲಿ ಯಾರದೋ ಕಾಲು ಇನ್ನೂ ಕುಣಿಯುತ್ತಿತ್ತು.

ನಿಲ್ಲಿಸಲು ಹೋಗಿ ದಾಳವನ್ನೇ ಮತ್ತೆ ಒತ್ತಿದೆ. "ಹೊಸದು ಕೊಟ್ರೂ ಅವ್ಳಿಗೇನ್ ಗೊತ್ತಾಗ್ತೈತೆ, ಗೊತ್ತಾಗ್ತೈತೆ, ಗೊತ್ತಾಗ್ತೈತೆ." ವೈರು ಎಳೆದೆ. ಫ್ಯಾನ್ ನಿಂತಿತು. ಕೊನೆಗೆ ಸುಜಾತ ಬಂದು ಸರಿಯಾದ ವೈರು ಕಿತ್ತಳು.

ಕನ್ನಡ ಬಾರದ, ಬೀಗರ ಕಡೆಯ ಒಬ್ಬ ಅಜ್ಜಿ ಏನಂತೆ ಎಂದು ವಿಚಾರಿಸಿದರು. ಪಕ್ಕದಾಕೆ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ತೆಲುಗಿಗೆ ತಿರುಗಿಸಿದಳು: "ಪಾತ ಚೀರ ಚಾಲಂಟ." ಹೊರಗುಳಿದಿದ್ದವರೂ ಒಳಗೆ ಬಂದಂತಾಯಿತು.

ಅತ್ತೆ ತಲೆ ಎತ್ತಲಿಲ್ಲ. ಮಂಜುವಿನ ಮುಖ ಸುಣ್ಣದಂತಾಯಿತು. ಈ ಹುಡುಗನ ಮದುವೆಯನ್ನು ನಾನು ಮುರಿದೆ ಎಂದು ನನಗೆ ಖಾತ್ರಿಯಾಯಿತು. ಹುಡುಗಿಯ ತಾಯಿ ಅಂಜಿನಮ್ಮ ಎದ್ದು, ತಟ್ಟೆಯಲ್ಲಿ ತಮಗೆಂದು ಇಟ್ಟಿದ್ದ ಸೀರೆ ತೆಗೆದು, ಪದರ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದರು.

"ಪೆಟ್ಟಿಗ್ಯಾಗೆ ನಾಕು ವರ್ಷ ಇದ್ದಿದ್ದು ಇದು. ಗೊತ್ತಾಗ್ತೈತೆ ಅಕ್ಕಾ," ಎಂದರು.

ಆಮೇಲೆ ತಮ್ಮ ಕಡೆಯ ತಟ್ಟೆಯಿಂದ ಅತ್ತೆಗೆಂದು ತಂದ ಸೀರೆ ತೆಗೆದು ಅವರ ಮಡಿಲಿಗೆ ಹಾಕಿದರು. "ಇದು ಐದು ವರ್ಷದ್ದು. ನಿಮಗೆ ಗೊತ್ತಾಗಲ್ಲ ಅನ್ಕೊಂಡಿದ್ದೆ."

ಅತ್ತೆ ಆ ಸೀರೆಯನ್ನು ನೋಡಿದರು, ಅಂಜಿನಮ್ಮನವರನ್ನು ನೋಡಿದರು. ನೇಕಾರರ ಮನೆಯ ಹೆಂಗಸಲ್ಲವೆ, ಅವರಿಗೂ ಗೊತ್ತಾಯಿತು. ಮೊದಲು ನಕ್ಕವರು ಯಾರೋ ತಿಳಿಯದು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಾವ ಅಂದು ಮೊದಲ ಸಲ ಬಾಯಿ ತೆರೆದು, ಮದುವೆಗೆ ಇಬ್ಬರಿಗೂ ತಾವೇ ಹೊಸದು ನೇಯುವುದಾಗಿ ಹೇಳಿದರು. ತಾಂಬೂಲ ಬದಲಾಯಿತು.

ಎರಡು ಮನೆಗಳನ್ನು ಸಂಗೀತದಿಂದ ಒಂದುಗೂಡಿಸಿದೆ ಎಂದು ಬಸ್ಸಿನಲ್ಲಿ ಬರುವಾಗ ಸುಜಾತಳಿಗೆ ವಿವರಿಸಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮದುವೆಯಲ್ಲಿ ನನಗೆ ಕೆಲಸ ಹಂಚಿದ್ದು ಇಬ್ಬರು ಬೀಗಿತ್ತಿಯರೂ ಸೇರಿ. ಊಟಕ್ಕೆ ಎಲೆ ಹಾಕುವುದು. ಸದ್ದೇ ಇಲ್ಲದ ಕೆಲಸ ಎಂದು ಹುಡುಕಿ ಕೊಟ್ಟರಂತೆ. ನಾನು ಅದನ್ನೂ ಅತ್ಯಂತ ಉತ್ಸಾಹದಿಂದ ಮಾಡಿದೆ. ಮೊದಲ ಪಂಕ್ತಿ ಪೂರ್ತಿ, ಎಡಕ್ಕೆ ಬರಬೇಕಾದ ಎಲೆಗಳ ತುದಿಯನ್ನು ಬಲಕ್ಕೆ ಹಾಕಿದ್ದೆ. ಅರವತ್ತು ಜನ ಎದ್ದು ನಿಂತು ಕಾದರು, ನಾನು ಒಂದೊಂದನ್ನೇ ತಿರುಗಿಸಿದೆ.