ಹೊಸ ಪೆಟ್ಟಿಗೆ ಬರುವವರೆಗೆ

ಸಂಜಯ್ ತಂದ ಹೊಸ ಕಾರ್ ರೇಸಿನ ಸಿ.ಡಿ. ಗುಂಡಯ್ಯನ ಗೇಮ್ ಅಂಗಡಿಯ ನಾಲ್ಕು ಕಂಪ್ಯೂಟರುಗಳಲ್ಲಿ ಒಂದರಲ್ಲೂ ಓಡಲಿಲ್ಲ. ಪರದೆ ಕಪ್ಪಾಗಿ, ಗ್ರಾಫಿಕ್ಸ್ ಕಾರ್ಡು ಸಾಲದು ಎಂದು ಇಂಗ್ಲಿಷಿನ ಒಂದು ಸಾಲು ಮೂಡಿ, ಬ್ಯಾಂಕಿನ ಜವಾನನ ಹಾಗೆ ಅಲ್ಲಾಡದೆ ನಿಂತುಬಿಟ್ಟಿತು.

"ಎರಡಕ್ಕಾದ್ರೂ ಹೊಸ ಕಾರ್ಡ್ ಹಾಕ್ಸಿ ಗುಂಡಣ್ಣ. ಭಾನುವಾರದ ಪಂದ್ಯ ಇದ್ರಲ್ಲೇ. ಇಲ್ದಿದ್ರೆ ನಾವು ಹಾಸನದ ಗೇಮ್ ಅಂಗಡಿಗೇ ಹೋಗ್ಬುಡ್ತೀವಿ" ಎಂದ ಸಂಜಯ್. ಅವನ ಜೊತೆಯ ಕಾಲೇಜು ಹುಡುಗರೆಲ್ಲ ಪಂದ್ಯದ ಪ್ರವೇಶದ ದುಡ್ಡನ್ನು ಮುಂಗಡವಾಗಿಯೇ ಕೊಟ್ಟರು.

ಗುಂಡಯ್ಯ ಮೊದಲು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಎಸ್ಟೇಟು ಕೈಬದಲಾದಾಗ ಹೊಸ ಸಾಹುಕಾರರು ತಮ್ಮ ಕಡೆಯ ರೈಟರನ್ನೇ ತಂದುಕೊಂಡರು. ಕೆಲಸ ಬಿಡಿಸುವಾಗ ಕೊಟ್ಟ ಗಂಟಿನಲ್ಲಿ ಆಲೂರು ಬಸ್ ಸ್ಟ್ಯಾಂಡಿನ ಎದುರು ಈ ಗೇಮ್ ಅಂಗಡಿ ತೆರೆದಿದ್ದ. ಇದೂ ಮುಚ್ಚಿದರೆ ಹೊಂಗಡಹಳ್ಳದ ಭಾವಮೈದುನನ ಕಾಫಿ ಸ್ಟೋರಿಗೆ ಕಾವಲು ಕೂರುವುದೊಂದೇ ದಾರಿ.

"ನಮ್ಮಣ್ಣನ ಬಾಗ್ಲಲ್ಲಿ ನೀವು ಕೋಲು ಹಿಡ್ಕಂಡು ಕೂರೋದ ನನ್ ಕಣ್ಣಲ್ಲಿ ನೋಡಕ್ಕಾಗಕಿಲ್ಲ. ಕಾರ್ಡು ತಕಂಡೇ ಬನ್ನಿ" ಎಂದು ಹೆಂಡತಿ ಗಂಗಾಮಣಿ ಮರುದಿನ ಬೆಳಿಗ್ಗೆಯೇ ಬುತ್ತಿ ಕಟ್ಟಿ ಹಾಸನಕ್ಕೆ ಕಳಿಸಿದಳು.

ಬಸ್ ಸ್ಟ್ಯಾಂಡಿನಲ್ಲಿ ಟೀವಿ ರಿಪೇರಿ ಮೋಹನ್ ಸಿಕ್ಕಿದ.

"ಈಗ ಕಾರ್ಡಾ? ತಲೆ ಕೆಟ್ಟೈತಾ ಗುಂಡಣ್ಣ? ಇದು ಎರಡು ಸಾವಿರದ ಆರು. ವರ್ಷದ ಕೊನೇಲಿ ಹೊಸ ಪ್ಲೇಸ್ಟೇಷನ್ ಪೆಟ್ಟಿಗೆ ಬತ್ತೈತೆ."

"ಅದು ಟೀವಿಗೆ ಸಿಗಿಸೋದಲ್ವೇನಪ್ಪ? ನನ್ನವು ಕಂಪ್ಯೂಟರು."

"ಅಲ್ಲೇ ಇರೋದು ಮಾರಾಯ! ಆಟ ಮಾಡೋರು ಇನ್ಮೇಲೆ ಆ ಪೆಟ್ಟಿಗೆ ಅಳತೆಗೇ ಮಾಡೋದು. ಆಮೇಲೆ ಅದೇ ಆಟ ಕಂಪ್ಯೂಟರಿಗೆ ಬತ್ತೈತೆ. ಇವತ್ತು ತಂದ ಕಾರ್ಡು ಅದನ್ನ ಎಳೀತೈತೋ ಇಲ್ವೋ ಯಾರು ಕಂಡವ್ರೆ? ಪೆಟ್ಟಿಗೆ ಬರ್ಲಿ, ಅದರ ಶಕ್ತಿ ನೋಡಿ, ಅದಕ್ಕಿಂತ ಒಂದು ಕೈ ಮೇಲಿರೋ ಕಾರ್ಡ್ ತಗಾ. ಐದು ವರ್ಷ ತಿರುಗಿ ನೋಡಂಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಕಾಫಿ ವ್ಯಾಪಾರಿ ದೇವೀರಪ್ಪನವರಿಗೆ ಪ್ಲೇಸ್ಟೇಷನ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಮಾತಿನ ಜಾಡು ಹತ್ತಿತು.

"ಹೊಸ ಬೆಳೆ ಕುಯ್ಲಿಗೆ ಬಂದಿರೋವಾಗ ಹಳೇ ಮಾಲು ಎತ್ತುತಾರೇನೋ? ಹೊಸದು ಬಿದ್ದ ದಿನ ಹಳೇದರ ರೇಟು ನೆಲಕ್ಕೆ! ನಡಿ, ನಾನೂ ಬತ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಚರ್ಮ ಸುಲೀತಾರೆ."

ಬೇಡವೆನ್ನುವಷ್ಟರಲ್ಲಿ ದೇವೀರಪ್ಪನವರು ಹಾಸನದ ಬಸ್ಸಿನ ಕಿಟಕಿ ಪಕ್ಕದಲ್ಲಿ ಕುಳಿತಾಗಿತ್ತು. ಬುತ್ತಿಯೂ ದಾರಿಯಲ್ಲೇ ಅವರ ಪಾಲಾಯಿತು.

ಹಾಸನದ ಅಂಗಡಿಯ ಹುಡುಗ ಡಬ್ಬ ಬಿಚ್ಚಿ ಕಾರ್ಡು ತೋರಿಸಿದ. ಗುಂಡಯ್ಯನ ಕೈ ಅಂಗಿಯ ಒಳಜೇಬಿಗೆ ಹೋಯಿತು. ಅಷ್ಟರಲ್ಲಿ ದೇವೀರಪ್ಪನವರು ಕಾರ್ಡನ್ನು ಎತ್ತಿ, ಬೆಳಕಿಗೆ ಹಿಡಿದು, ಮೂಸಿ, "ಎಷ್ಟು ದಿನದ ಮಾಲು?" ಎಂದರು. ಹುಡುಗ ಕಕ್ಕಾಬಿಕ್ಕಿಯಾದ. ಅವರು ಹೆಗಲ ಟವೆಲನ್ನು ತಮ್ಮ ಕೈ ಮೇಲೆ ಹೊದಿಸಿ, ಸಂತೆಯಲ್ಲಿ ಗುಟ್ಟಾಗಿ ರೇಟು ಕುದುರಿಸುವ ಹಾಗೆ, ಅದರಡಿ ಹುಡುಗನ ಎರಡು ಬೆರಳು ಹಿಡಿದು ಒತ್ತಿದರು. ಹುಡುಗ ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ.

"ಏನ್ರೀ ಇದು! ತಗೊಳ್ಳೋದಾದ್ರೆ ತಗೊಳ್ಳಿ."

"ಹೊಸ ಪೆಟ್ಟಿಗೆ ಬಂದ್ಮೇಲೆ ಇದರ ರೇಟು ಬೀಳ್ತೈತಾ ಇಲ್ವಾ, ಸತ್ಯ ಹೇಳಪ್ಪ" ಎಂದರು ದೇವೀರಪ್ಪನವರು.

"ಬೀಳುತ್ತೆ! ಆವಾಗ್ಲೇ ಬನ್ನಿ, ಹೋಗಿ!"

"ಕೇಳಿಸ್ಕಂಡ್ಯಾ? ಮಾರೋನೇ ಒಪ್ಕಂಡ."

ಗುಂಡಯ್ಯನ ಕೈ ಒಳಜೇಬಿನಿಂದ ಬರಿದಾಗಿಯೇ ಹೊರಬಂತು. ಮಾರುವವನೇ ಬೇಡವೆಂದ ವಸ್ತುವನ್ನು ಕೊಳ್ಳುವ ಎದೆ ಅವನಿಗಿರಲಿಲ್ಲ.

ಸಂಜೆ ಆಲೂರಿಗೆ ಇಳಿದಾಗ ಹುಡುಗರು ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು.

"ಎಲ್ಲಿ ಕಾರ್ಡು?"

ಗುಂಡಯ್ಯ ಬರಿಗೈ ತೋರಿಸಿದ. ಈ ಹುಡುಗರು ಈಗ ಎದ್ದು ಹಾಸನದ ದಾರಿ ಹಿಡಿದರೆ ಮುಗಿಯಿತು. ಅವನು ಜೀವಮಾನದಲ್ಲಿ ಅಷ್ಟು ಮಾತಾಡಿದವನಲ್ಲ, ಅಂದು ಆಡಿದ. ಮೋಹನನ ಪೆಟ್ಟಿಗೆ, ಅದರ ಅಳತೆಯ ಆಟ, ದೇವೀರಪ್ಪನವರ ಹೊಸ ಬೆಳೆ, ಹಳೇ ಮಾಲು, ಎಲ್ಲವನ್ನೂ ಹದವಾಗಿ ಬೆರೆಸಿ, "ಈಗ ಇದಕ್ಕೆ ದುಡ್ಡು ಹಾಕೋದು ನೀರಿಗೆ ಹಾಕ್ದಂಗೆ ಕಣ್ರಪ್ಪ" ಎಂದು ಮುಗಿಸಿದ.

ಹುಡುಗರು ಮುಖ ಮುಖ ನೋಡಿಕೊಂಡರು. ಎಲ್ಲರೂ ಕಾಫಿ ಬೆಳೆಯುವ ಮನೆಯವರೇ. ಮಾತು ಸೀದಾ ಒಳಗಿಳಿಯಿತು.

"ಗುಂಡಣ್ಣ ಹೇಳೋದು ಸರಿ ಕಣ್ರೋ. ನಮ್ಮಪ್ಪನೂ ಹಿಂಗೇ ಅನ್ನೋದು" ಎಂದ ಸಂಜಯ್.

ಗುಂಡಯ್ಯನಿಗೆ ಹೋದ ಜೀವ ಬಂದಂತಾಯಿತು. ಬೀಗ ತೆಗೆದು, ಕಂಪ್ಯೂಟರುಗಳ ಮೇಲಿನ ಬಟ್ಟೆ ಸರಿಸಿದ. "ಬನ್ನಿ, ಅಲ್ಲೀಗಂಟ ಹಳೇ ಆಟಾನೇ ಆಡ್ತಿರಿ."

ಯಾರೂ ಮೇಲೇಳಲಿಲ್ಲ.

"ಈಗ ದುಡ್ಡು ಹಾಕೋದು ನೀರಿಗೆ ಹಾಕ್ದಂಗೆ ಅಂತ ನೀವೇ ಅಂದ್ರಲ್ಲ?" ಎಂದ ಸಂಜಯ್. "ಹಳೇ ಮಾಲಿಗೆ ನಾವ್ಯಾಕೆ ಗಂಟೆ ಲೆಕ್ಕದಲ್ಲಿ ಸುರೀಬೇಕು? ನಾವೂ ಕಾಯ್ತೀವಿ. ಪಂದ್ಯದ ದುಡ್ಡು ವಾಪಸ್ ಕೊಟ್ಬುಡಿ."

"ಮತ್ತೆ... ಹಾಸನಕ್ಕೆ ಹೋಗ್ತೀರಾ?"

"ಛೇ, ಅಲ್ಲಿಗ್ಯಾಕೆ? ಅವ್ರದ್ದೂ ಹಳೇ ಮಾಲೇ ತಾನೆ?"

ಗುಂಡಯ್ಯ ಒಳಜೇಬಿನಿಂದ ದುಡ್ಡು ತೆಗೆದು ಒಬ್ಬೊಬ್ಬರಿಗೂ ಕೊಟ್ಟ. ಪಕ್ಕದ ತಮ್ಮ ಕಾಫಿ ಮಂಡಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ದೇವೀರಪ್ಪನವರು, "ಭೇಷ್! ಹುಡುಗ್ರು ವ್ಯವಹಾರ ಕಲ್ತವ್ರೆ" ಎಂದು ತಲೆದೂಗಿದರು.

ರಸ್ತೆಗೆ ಇಳಿದ ಸಂಜಯ್ ಅಷ್ಟು ದೂರ ಹೋಗಿ, ಏನೋ ನೆನಪಾದವನಂತೆ ತಿರುಗಿ ಕೂಗಿದ:

"ಅಂಗಡಿ ಮಾತ್ರ ಮುಚ್ಬುಡಬ್ಯಾಡಿ ಗುಂಡಣ್ಣ! ವರ್ಷವೋ ಎರಡು ವರ್ಷವೋ, ನಾವು ಬಂದೇ ಬತ್ತೀವಿ!"