ಗ್ಯಾಂಬಿಯಾದ ಕೆಂಬೂತ

ಹಕ್ಕಿ ನೋಡಲು ಹೋದವರು ಹಕ್ಕಿಗಿಂತ ಹೆಚ್ಚಾಗಿ ಮನುಷ್ಯರನ್ನೇ ನೋಡಿಕೊಂಡು ಬರುತ್ತಾರೆ. ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಹಕ್ಕಿ ಕ್ಲಬ್ಬಿನಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಮಿಕ್ಕವರೆಲ್ಲ ನಿವೃತ್ತ ಜಪಾನೀಯರು. ಅವರ ಜೊತೆ ಹೊರಟು, ಏನೂ ಆಗದೆ ಸುಮ್ಮನೆ ಮನೆಗೆ ಬಂದ ನೆನಪು ನನಗಿಲ್ಲ.

ಊರು ಬಿಟ್ಟು ಆಫ್ರಿಕಾಗೆ

ಮೈಸೂರಿನಲ್ಲಿ ನಮ್ಮ ಮನೆಯ ಹಿಂದಿನ ಬೇಲಿಯಲ್ಲಿ ಒಂದು ಕೆಂಬೂತವಿತ್ತು. ಅದು 'ಕೂಪ್, ಕೂಪ್' ಎಂದರೇ ನನಗೆ ಬೆಳಗಾಗುತ್ತಿದ್ದುದು. ಕಂಡರೆ ಶುಭ ಎಂದು ಅಜ್ಜಿ ಕೈಮುಗಿಸುತ್ತಿದ್ದರು. ಈಗ ಆ ಮನೆಯೂ ಇಲ್ಲ, ಬೇಲಿಯೂ ಇಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿದೆ. ಟೋಕಿಯೋದಲ್ಲಂತೂ ಕೆಂಬೂತದ ಮಾತೇ ಬೇಡ. ಆ ಕೂಗನ್ನು ಇನ್ನೊಂದು ಸಲ ಕೇಳಬೇಕು ಅನ್ನುವ ಆಸೆ ಎಷ್ಟು ವರ್ಷವಾದರೂ ಹೋಗಿರಲಿಲ್ಲ.

ಹೀಗಿರುವಾಗ ಕ್ಲಬ್ಬಿನವರು ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾಗೆ ಹೊರಟರು. ಅಲ್ಲಿನ ಗೈಡ್ ಮಾತಾಡುವುದು ಇಂಗ್ಲಿಷ್. ಅದನ್ನು ಜಪಾನೀಸಿಗೆ ತಿರುಗಿಸಿ ಹೇಳಲು ನಾನು ಬೇಕೆಂದರು ಅಧ್ಯಕ್ಷರು. ಅವರ ಹಕ್ಕಿ ಪುಸ್ತಕದ ಪುಟ ತಿರುವಿದರೆ, ನಮ್ಮ ಕೆಂಬೂತದ ದಾಯಾದಿಯೇ ಅಲ್ಲಿ ಕೂತಿದೆ. ನಾನು ಎರಡನೇ ಮಾತಿಲ್ಲದೆ ಒಪ್ಪಿದೆ.

"ಊರಿಗೆ ಹೋಗೋ ರಜೇಲಿ ಆಫ್ರಿಕಾಗೆ ಹೋಗ್ತೀಯಾ?" ಎಂದರು ನನ್ನವರು.

"ಊರಲ್ಲಿ ಈಗ ಲಿಫ್ಟ್ ಕೂಗುತ್ತೆ, ಕೆಂಬೂತ ಅಲ್ಲ," ಎಂದೆ.

ಮಗಳು ಚಿತ್ರ ನೋಡಿ, "ಅಮ್ಮಾ, ಇಟ್ಸ್ ಜಸ್ಟ್ ಅ ಕ್ರೋ ವಿತ್ ಬ್ರೌನ್ ವಿಂಗ್ಸ್," ಎಂದಳು. ನಾನು ಹೊಸ ಬೈನಾಕ್ಯುಲರ್ ಕೊಂಡು ತಂದ ದಿನ ಮಾತ್ರ ನನ್ನವರು, "ನವಿಲು ಕುಣೀತು ಅಂತ ಕೆಂಬೂತ ಪುಕ್ಕ ತೆರೀತಂತೆ. ಈಗ ಕೆಂಬೂತ ನೋಡೋಕೇ ಪುಕ್ಕ ತೆರೀತಿದ್ದಾರೆ," ಎಂದರು.

ನೀವು ಮೊದಲು

ಅಲ್ಲಿ ಮೊದಲ ಪ್ರಯಾಣ ಹಿನ್ನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಕಾಡಿನೊಳಗೆ, ದೋಣಿಯಲ್ಲಿ. ಗೈಡ್ ಉಸಿರು ಬಿಗಿಹಿಡಿದು, "ಬಲಗಡೆ ಬೇರಿನ ಕೆಳಗೆ ನೋಡಿ. ವರ್ಷಕ್ಕೊಮ್ಮೆ ಸಿಗೋ ಹಕ್ಕಿ," ಎಂದ. ನಾನು ಜಪಾನೀಸಿನಲ್ಲಿ ಪಿಸುಗುಟ್ಟಿದೆ. ಬಲಗಡೆ ಕೂತಿದ್ದವರು ಎಡಗಡೆಯವರಿಗೆ ಜಾಗ ಬಿಟ್ಟರು. ಎಡಗಡೆಯವರು, "ಛೆ, ನೀವು ಮೊದಲು," ಎಂದರು. "ಇಲ್ಲ, ಹಿರಿಯರು ನೀವು ಮೊದಲು." ದೋಣಿ ತೂಗಾಡುವಷ್ಟು ತಲೆಬಾಗಿದ್ದಾಯಿತು. ಅಷ್ಟರಲ್ಲಿ ಹಕ್ಕಿ ಹೊರಟುಹೋಗಿತ್ತು.

"ನೀನಾದ್ರೂ ನೋಡಿದ್ಯಾ?" ಎಂದು ದೋಣಿಯವನನ್ನು ಕೇಳಿದೆ.

"ಇಲ್ಲ ಮೇಡಂ," ಎಂದ. "ನಾನು ನಿಮ್ಮನ್ನೇ ನೋಡ್ತಿದ್ದೆ."

ಕೈಮುಗಿದದ್ದು

ಮಾರನೇ ದಿನ ಭತ್ತದ ಗದ್ದೆ. ಥೇಟ್ ಮಂಡ್ಯ. ಬದುವಿನ ಪೊದೆಯಿಂದ ಕಂದು ರೆಕ್ಕೆಯ ಕೆಂಬೂತ ಹೊರಗೆ ಬಂದಾಗ ನನ್ನ ಕೈಗಳು ತಾವಾಗಿ ಕೂಡಿಕೊಂಡವು. ತಿರುಗಿ ನೋಡಿದರೆ ಕ್ಲಬ್ಬಿನ ಅಷ್ಟೂ ಜನ ಕೈಮುಗಿದು ನಿಂತಿದ್ದಾರೆ. ಭಾರತದಲ್ಲಿ ಇದು ಪದ್ಧತಿ, ಬಿಟ್ಟರೆ ತಪ್ಪಾಗುತ್ತದೆ ಎಂದುಕೊಂಡಿದ್ದಾರೆ ಪಾಪ.

ತೊಂದರೆ ಏನೆಂದರೆ, ನಮ್ಮಲ್ಲಿ ಕಾಗೆ ಇದ್ದಷ್ಟು ಅಲ್ಲಿ ಕೆಂಬೂತ. ಕುರುಚಲು ಕಾಡಿನ ದಾರಿಯುದ್ದಕ್ಕೂ ವ್ಯಾನ್ ನಿಲ್ಲಿಸುವುದು, ಎಲ್ಲರೂ ಇಳಿಯುವುದು, ಕೈಮುಗಿಯುವುದು, ಹತ್ತುವುದು. ಕೊನೆಗೆ ಗೈಡ್ ನನ್ನ ಹತ್ತಿರ ಬಂದು, "ಮೇಡಂ, ಕೂತಲ್ಲೇ ಮುಗಿದ್ರೆ ನಿಮ್ಮ ದೇವರು ಬೇಜಾರು ಮಾಡ್ಕೋತಾನಾ?" ಎಂದು ಕೇಳಿದ.

ನೆರೆಮನೆಯ ಅಜ್ಜಿ

ಇಷ್ಟಾದರೂ ಒಂದು ಕೆಂಬೂತವೂ ಬಾಯಿ ಬಿಟ್ಟಿರಲಿಲ್ಲ. ಹೊರಡುವ ದಿನ ಬೆಳಗ್ಗೆ ಹೋಟೆಲಿನ ಬೇಲಿಯಲ್ಲಿ ಒಂದು ಕೂಗಿತು. 'ಕೂಪ್, ಕೂಪ್, ಕೂಪ್.' ಅದೇ ಇಳಿಯುವ ದನಿ. ಕಣ್ಣು ಒರೆಸಿಕೊಳ್ಳುತ್ತ ಮೊಬೈಲಿನಲ್ಲಿ ರೆಕಾರ್ಡ್ ಮಾಡತೊಡಗಿದೆ. ಪಕ್ಕದಲ್ಲಿ ಅಧ್ಯಕ್ಷರು ತಡೆದುಕೊಂಡರು, ಮತ್ತೂ ತಡೆದುಕೊಂಡರು, ಕೊನೆಗೆ ಜೋರಾಗಿ ಸೀನಿದರು. ಆಮೇಲೆ ಹಕ್ಕಿಯ ಕಡೆ ಬಾಗಿ, "ಸುಮಿಮಾಸೆನ್," ಎಂದು ಕ್ಷಮೆ ಕೇಳಿದರು. ಹಕ್ಕಿ ಹಾರಿಹೋಯಿತು. ನನಗೆ ಸಿಕ್ಕಿದ್ದು ಅಷ್ಟೇ.

ಎಡೋಗಾವಾಗೆ ಬಂದವಳು ಅದನ್ನೇ ಅಲಾರಂ ಮಾಡಿಕೊಂಡೆ. ಕಣ್ಣು ಮುಚ್ಚಿದ್ದಷ್ಟು ಹೊತ್ತು ಬೇಲಿ, ಬಾವಿಕಟ್ಟೆ, ಅಜ್ಜಿ ಎಲ್ಲ ಇರುತ್ತಿದ್ದರು. ಸೀನು ಬಂದಾಗ ಟೋಕಿಯೋ ಬರುತ್ತಿತ್ತು. "ಅಮ್ಮಾ, ಗೋಡೆ ತೆಳು, ನೇಬರ್ಸ್ ಕಂಪ್ಲೇಂಟ್ ಮಾಡ್ತಾರೆ," ಎಂದು ಮಗಳು ಹೆದರಿಸಿದಳು. ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲಿಸಿದೆ.

ಎರಡು ದಿನ ಕಳೆದಿರಬೇಕು, ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಒಂಟಿ ಜೀವ, ಮಾತು ಕಡಿಮೆ. ನಾನು ಬಾಗಿಲು ತೆರೆದವಳೇ ಸುಮಿಮಾಸೆನ್ ಎಂದು ಬಾಗಿದೆ. ಅವರೂ ಬಾಗಿದರು. ಆಮೇಲೆ ಕಿತ್ತಳೆಯ ಚೀಲ ನನ್ನ ಕೈಗಿಟ್ಟು ದನಿ ತಗ್ಗಿಸಿದರು.

"ಈ ಕಟ್ಟಡದಲ್ಲಿ ಹಕ್ಕಿ ಸಾಕಬಾರದು ಅಂತ ಗೊತ್ತು. ನಾನು ಯಾರಿಗೂ ಹೇಳಲ್ಲ. ಆದ್ರೆ ಅದು ಕೂಗ್ದೆ ನನಗೆ ಬೆಳಗಾದ ಹಾಗೇ ಇಲ್ಲ. ಹುಷಾರಾಗಿದೆಯಾ?"

ನನ್ನ ಕಣ್ಣು ತುಂಬಿತು. ಅದು ಮೊಬೈಲ್ ಎನ್ನಲು ಬಾಯಿ ಬರಲಿಲ್ಲ.

"ಸ್ವಲ್ಪ ಶೀತ ಆಗಿತ್ತು," ಎಂದೆ. "ನಾಳೆಯಿಂದ ಕೂಗುತ್ತೆ."

"ಅದಕ್ಕೇ ದಿನಾ ಸೀನ್ತಿತ್ತು," ಎಂದರು ಅಜ್ಜಿ ನೆಮ್ಮದಿಯಿಂದ. "ಪಾಪ, ಸೀನಿದ ಮೇಲೆ ಸುಮಿಮಾಸೆನ್ ಅಂತಾನೂ ಹೇಳುತ್ತೆ. ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ."