ಆರನೇ ಕ್ಲಾಸು ಸುಮ್ಮನಾದ ಪ್ರಸಂಗ

ಇನ್ನು ಮುಂದೆ ಕ್ಲಾಸಿನಲ್ಲಿ ಕಿರುಚುವುದಿಲ್ಲ, ಟೇಬಲ್ ಗುದ್ದುವುದಿಲ್ಲ, ಡಸ್ಟರ್ ಎಸೆಯುವುದಿಲ್ಲ! ಕನಕರಾಜ ಮಾಸ್ತರನೆಂಬ ನಾನು ಈ ಘೋರ ಪ್ರತಿಜ್ಞೆ ಮಾಡಿದ್ದು ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ, ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಶಿಕ್ಷಕರ ತರಬೇತಿಯ ಪ್ರಮಾಣಪತ್ರ ಹಿಡಿದುಕೊಂಡು. ಪ್ರಮಾಣಪತ್ರಕ್ಕೆ ಸ್ವಲ್ಪ ಎಣ್ಣೆ ತಾಗಿತು. ಪ್ರತಿಜ್ಞೆಗೆ ತಾಗಲಿಲ್ಲ.

ಮೂರು ದಿನದ ತರಬೇತಿ. ಮೊದಲ ದಿನ ಪರಸ್ಪರ ಪರಿಚಯ, ಎರಡನೇ ದಿನ ಪ್ರೊಜೆಕ್ಟರ್ ಹೊತ್ತಿಕೊಳ್ಳಲಿ ಎಂದು ಸಾಮೂಹಿಕ ಪ್ರಾರ್ಥನೆ, ಮೂರನೇ ದಿನ ಗ್ರೂಪ್ ಫೋಟೋ. ಚಹಾಕ್ಕೂ ಫೋಟೋಕ್ಕೂ ನಡುವೆ ಉಳಿದ ಇಪ್ಪತ್ತು ನಿಮಿಷದಲ್ಲಿ ಮಾತ್ರ ಒಬ್ಬ ಮೇಡಂ ಒಂದು ಉಪಯುಕ್ತ ಮಾತು ಹೇಳಿಬಿಟ್ಟರು. ಬಹುಶಃ ಬಾಯಿತಪ್ಪಿ! ಮಕ್ಕಳು ಗದ್ದಲ ಮಾಡಿದಾಗ ಗದರಿಸಬೇಡಿ, ಅರ್ಧ ಮಾತು ನೀವು ಕೂಗಿ, ಉಳಿದರ್ಧ ಅವರು ಕೂಗಲಿ, ಕೂಗಿದವರು ಕೈಕಟ್ಟಿ ಸುಮ್ಮನಾಗಲಿ. ಇಷ್ಟೇ.

ನನಗೆ ರೋಮಾಂಚನವಾಯಿತು. ಯಾಕೆಂದರೆ ನಮ್ಮ ಆರನೇ ಕ್ಲಾಸಿನ ನಲವತ್ತೇಳು ಮಕ್ಕಳ ಗದ್ದಲ ಗುತ್ತಲದ ಸಂತೆಗೆ ಸಮ. ಸಂತೆಯಾದರೂ ವಾರಕ್ಕೊಂದೇ ದಿನ. ಇದು ಭಾನುವಾರ ಬಿಟ್ಟು ನಿತ್ಯ!

ಹಾವೇರಿಗೆ ಬಂದವನೇ ಹೆಂಡತಿ ರೋಹಿಣಿಯ ಮುಂದೆ ಈ ದಿವ್ಯಜ್ಞಾನವನ್ನು ಸುರಿದೆ. "ನಾನು 'ಕೇಳ್ರಪ್ಪೋ ಕೇಳ್ರಿ' ಅಂತೀನಿ. ಹುಡುಗರು 'ಹೇಳ್ರಪ್ಪೋ ಹೇಳ್ರಿ' ಅಂತಾರ. ಅಂದು ಗಪ್ ಚಿಪ್ ಕುಂದರ್ತಾರ! ಹೆಂಗೈತಿ?"

"ಮೂರ ದಿನಾ ಕುಂದ್ರಿಸಿ ಇದನ್ನ ಕಲಿಸ್ಯಾರೇನ್ರಿ? ನಮ್ಮೂರಾಗ ಡಂಗುರ ಸಾರಾಂವ ಇದನ್ನ ಪುಗಸಟ್ಟೆ ಕಲಿಸ್ತಿದ್ದ."

"ನಿನಗ ಶಿಕ್ಷಣಶಾಸ್ತ್ರ ತಿಳಿಯಾಂಗಿಲ್ಲ ಬಿಡು."

"ಖರೇ ಅದ. ತಿಳದಿದ್ರ ನಾನೂ ಮಕ್ಕಳ ಮ್ಯಾಲೆ ಡಸ್ಟರ್ ಒಗೀತಿದ್ನೇನೋ!"

ರೋಹಿಣಿಯ ತವರು ಬ್ಯಾಡಗಿ. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ. ಆ ಖಾರ ಎಲ್ಲಿ ಹೋಯಿತೆಂಬುದು ನನಗೊಬ್ಬನಿಗೇ ಗೊತ್ತು.

ಸೋಮವಾರ ಕ್ಲಾಸಿನಲ್ಲಿ ನಿಯಮ ವಿವರಿಸಿದೆ. ಓಗೊಟ್ಟ ಮೇಲೆ ಕೈ ಕಟ್ಟಬೇಕು, ತುಟಿಯ ಮೇಲೆ ಬೆರಳಿಡಬೇಕು, ಪಿಟ್ಟೆನ್ನಬಾರದು. ಆಮೇಲೆ ಎದೆಯುಬ್ಬಿಸಿ ಕೂಗಿದೆ. "ಕೇಳ್ರಪ್ಪೋ ಕೇಳ್ರಿ!"

"ಹೇಳ್ರಪ್ಪೋ ಹೇಳ್ರಿ!!"

ಹಂಚಿನ ಮೇಲಿನ ಪಾರಿವಾಳಗಳು ಊರು ಬಿಟ್ಟವು. ಆಮೇಲೆ... ಆಹಾ! ಮೌನ! ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊಟ್ಟಮೊದಲ ಬಾರಿಗೆ, ಆಚೆಯ ಬಿಸಿಯೂಟದ ಕೋಣೆಯಲ್ಲಿ ಸಾಂಬಾರು ಕುದಿಯುವ ಸದ್ದು ನನ್ನ ಕಿವಿಗೆ ಬಿತ್ತು. ಆ ಸುಖವನ್ನು ನಿಂತು ಅನುಭವಿಸಲಾಗದೆ ಕುರ್ಚಿಯಲ್ಲಿ ಕುಳಿತೆ. ಕುಳಿತವನು ಸುಮ್ಮನಿರಲಾದೀತೇ? ಮೊಬೈಲ್ ತೆಗೆದು ಇಲಾಖೆ ಕೇಳಿದ ಮಾಹಿತಿ ತುಂಬಿದೆ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಎರಡನ್ನೂ ಒಲ್ಲೆನೆಂದವರೆಷ್ಟು. ಅಷ್ಟರಲ್ಲಿ ಗುಜುಗುಜು ಶುರುವಾಯಿತು. ಮತ್ತೆ ಕೂಗಿದೆ. ಮತ್ತೆ ಮೌನ. ಮತ್ತೆ ಮೊಟ್ಟೆ. ಎಂಥ ಸುವರ್ಣಯುಗ!

ಬುಧವಾರದ ಹೊತ್ತಿಗೆ ದಿನಕ್ಕೆ ಮೂವತ್ತು ಸಲ ಕೂಗುತ್ತಿದ್ದೆ. ಮಕ್ಕಳು ಗದ್ದಲ ಮಾಡುವುದು ನಿಲ್ಲಿಸಿರಲಿಲ್ಲ. ಮೊದಲಿಗಿಂತ ಬೇಗ ಶುರುಮಾಡುತ್ತಿದ್ದರು ಅಷ್ಟೇ. ಕೂಗುವ ಮೋಜಿಗೆ ಎಂದುಕೊಂಡೆ. ನನ್ನ ಜನಪ್ರಿಯತೆಯೂ ಒಂದು ಕಾರಣವಿರಬಹುದೆಂದು ಒಳಗೊಳಗೇ ಉಬ್ಬಿದೆ.

ಗುರುವಾರ ಪಕ್ಕದ ನಾಲ್ಕನೇ ಕ್ಲಾಸಿನ ಪ್ರೇಮವ್ವ ಟೀಚರ್ ಬಾಗಿಲಲ್ಲಿ ಪ್ರತ್ಯಕ್ಷರಾದರು. ಸೊಂಟದ ಮೇಲೆ ಕೈ.

"ಸರ್, ನೀವು ಇಲ್ಲಿ 'ಕೇಳ್ರಿ' ಅಂದ್ರ ನನ್ನ ಹುಡುಗರು ಅಲ್ಲಿ 'ಹೇಳ್ರಿ' ಅಂತಾವ್ರಿ. ಅಂದು ಬಾಯಿ ಮ್ಯಾಲೆ ಬೊಟ್ಟು ಇಟಗೊಂಡು ಕುಂದರ್ತಾವು. ನಾ ಮಗ್ಗಿ ಹೇಳಸೋದು ಯಾರ ಕಡೆಯಿಂದ್ರಿ? ಗ್ವಾಡಿ ಕಡೆಯಿಂದೇನು?"

"ನಿಮಗೂ ಪುಗಸಟ್ಟೆ ಶಿಸ್ತು ಸಿಕ್ಕಂಗಾತಲ್ರಿ!" ಎಂದು ಹಲ್ಲು ಬಿಟ್ಟೆ.

"ಹೌದ್ರಿ, ಶಿಸ್ತು ಭಾಳ ಆಗೇತಿ. ಸ್ವಲ್ಪ ವಾಪಸ್ ತಗೋರಿ!" ಎಂದು ಸರ್ರನೆ ಹೋದರು. ಅಸೂಯೆ! ಪ್ರತಿಭಾವಂತರಿಗೆ ಇದು ತಪ್ಪಿದ್ದಲ್ಲ.

ಶುಕ್ರವಾರ ಹನ್ನೊಂದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಮಾರುವ ಬಾಬಾಜಾನರ ಆಟೋ ಶಾಲೆಯ ಮುಂದಿನ ರಸ್ತೆಯಲ್ಲಿ ಬಂತು. ಮೈಕಿನಲ್ಲಿ ಅವರ ಎಂದಿನ ಕೂಗು: "ಕೇಳ್ರವ್ವೋ ಕೇಳ್ರಿ! ಉಳ್ಳಾಗಡ್ಡಿ, ಬಳ್ಳೊಳ್ಳಿ!"

"ಹೇಳ್ರಪ್ಪೋ ಹೇಳ್ರಿ!!" ಎಂದಿತು ಇಡೀ ಶಾಲೆ.

ಆಟೋ ಗಕ್ಕನೆ ನಿಂತಿತು. ಬಾಬಾಜಾನರು ಇಳಿದು ನೇರ ನನ್ನ ಕ್ಲಾಸಿನ ಬಾಗಿಲಿಗೆ ಬಂದರು. ಬೈಯುತ್ತಾರೆಂದುಕೊಂಡೆ. ನೋಡಿದರೆ ಅವರ ಕಣ್ಣು ತುಂಬಿತ್ತು!

"ಹದಿನೆಂಟ ವರ್ಷ ಆತ್ರಿ ಸರ್, ಓಣಿ ಓಣಿ ಒದರಾಕತ್ತು. ತಿರುಗಿ 'ಹೇಳಪಾ' ಅಂದಾವ್ರು ಒಬ್ರಿಲ್ರಿ. ಮನ್ಯಾಗ ಸೈತ ಅನ್ನಾಂಗಿಲ್ಲ. ನಿಮ್ಮ ಹುಡುಗರು ಎಷ್ಟ ಮರ್ಯಾದಿ ಕೊಡ್ತಾವ್ರಿ!"

ಅಂದಿನಿಂದ ಅವರು ನಿತ್ಯ ಹನ್ನೊಂದಕ್ಕೆ ಗೇಟಿನ ಮುಂದೆ ಆಟೋ ನಿಲ್ಲಿಸಿ ಮೂರು ಸಲ ಕೂಗಿ, ಮೂರು ಸಲ ಮರ್ಯಾದೆ ಪಡೆದು, ಮುಂದಿನ ಊರಿಗೆ ಹೋಗತೊಡಗಿದರು. ಉಳ್ಳಾಗಡ್ಡಿ ಕೊಳ್ಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೆ ಕಲೆಗೆ ಬೇಕಾದದ್ದು ಶ್ರೋತೃಗಳಲ್ಲವೇ?

ಇತ್ತ ಮನೆಯಲ್ಲಿ ಅನಾಹುತ ಬೇರೆಯೇ ರೂಪ ತಾಳಿತು. ಭಾನುವಾರ ಬೆಳಿಗ್ಗೆ ಪೇಪರು ಓದುತ್ತ ಕುಳಿತಿದ್ದೆ. ಅಡುಗೆಮನೆಯಿಂದ ರೋಹಿಣಿಯ ದನಿ: "ಕೇಳ್ರಪ್ಪೋ ಕೇಳ್ರಿ!"

"ಹೇಳ್ರಪ್ಪೋ ಹೇಳ್ರಿ!" ಎಂದುಬಿಟ್ಟೆ. ಅನ್ನುವುದಷ್ಟೇ ಅಲ್ಲ, ಪೇಪರು ಕೆಳಗಿಟ್ಟು ಕೈಯನ್ನೂ ಕಟ್ಟಿಬಿಟ್ಟೆ! ವಾರವಿಡೀ ದಿನಕ್ಕೆ ಮೂವತ್ತು ಸಲ ಕೇಳಿಸಿಕೊಂಡರೆ ನಾಲಿಗೆ ಯಜಮಾನನ ಮಾತು ಕೇಳೀತೇ?

"ಶಾಣ್ಯಾ ಆಗೀರಿ. ಇನ್ನ ಪಿಟ್ ಅನ್ನಬ್ಯಾಡ್ರಿ. ಜ್ವಾಳ ಬೀಸ್ಕೊಂಡು ಬರ್ರಿ. ಬಂದ ಮ್ಯಾಲೆ ಹೊಸಾ ಸಿಲಿಂಡರ್ ಹಚ್ರಿ. ಬಚ್ಚಲದ ನಳ ಸೋರಾಕತ್ತು ತಿಂಗಳಾತು, ಅದನ್ನೂ ನೋಡ್ರಿ. ಲಗೂ!"

ಹಿಟ್ಟಿನ ಗಿರಣಿಯ ಸರದಿಯಲ್ಲಿ ನಿಂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪದ್ಧತಿ ಗಟ್ಟಿ ಇದೆ! ಹೆಂಡತಿ ಗಂಡನ ಮೇಲೆ ಪ್ರಯೋಗಿಸಿದರೂ ಕೆಲಸ ಮಾಡುತ್ತದೆ ಎಂದರೆ ಸಾಮಾನ್ಯವೇ?

ಮರುವಾರ ಹೆಡ್ಮಾಸ್ತರ ಚನ್ನೇಶ ಸರ್ ಬೆವರುತ್ತ ಬಂದರು. ನಾಳೆ ಇಲಾಖೆಯ ಸಾಹೇಬರು ಭೇಟಿ ಕೊಡುತ್ತಾರಂತೆ. ಉತ್ತಮ ಶಿಕ್ಷಕರ ಪಟ್ಟಿಗೆ ನಮ್ಮ ಕಡೆಯಿಂದ ಹೆಸರು ಕಳಿಸುವವರೂ ಅವರೇ ಅಂತೆ.

"ಸೀದಾ ನನ್ನ ಕ್ಲಾಸಿಗೆ ಕರ್ಕೊಂಡ ಬರ್ರಿ" ಎಂದೆ.

"ಕನಕರಾಜ, ಒಂದ ಸಲ ವಿಚಾರ ಮಾಡು..."

"ವಿಚಾರ ಮಾಡೋ ಮಾತ ಇಲ್ರಿ ಸರ್!" ಎಂದೆ. ಅದೊಂದು ಮಾತು ಮಾತ್ರ ಅಕ್ಷರಶಃ ಸತ್ಯವಾಗಿತ್ತು. ನಾನು ವಿಚಾರ ಮಾಡಲೇ ಇಲ್ಲ. ಇಸ್ತ್ರಿ ಮಾಡಿದೆ, ಹೊಸ ಅಂಗಿಗೆ.

ಸಾಹೇಬರು ಬಂದರು. ಸಣಕಲು ಮೈ, ಮೂಗಿನ ತುದಿಗೆ ಕನ್ನಡಕ, ಮೆಲುದನಿ. ನಾನು ಕೂಗಿದೆ. ಮಕ್ಕಳು ಓಗೊಟ್ಟರು. ನಲವತ್ತೇಳು ತುಟಿಗಳ ಮೇಲೆ ನಲವತ್ತೇಳು ಬೆರಳು! ಸಾಹೇಬರು ತಲೆದೂಗಿದರು. "ಭಾಳ ಛಲೋ. ಎಲ್ಲಾರೂ ಕೇಳ್ರಿ..."

"ಹೇಳ್ರಪ್ಪೋ ಹೇಳ್ರಿ!!"

ಸಾಹೇಬರ ಕನ್ನಡಕ ಮೂಗಿನಿಂದ ಜಾರಿತು. ಹಿಡಿದುಕೊಂಡರು. "ಹಂ. ನಾ ಒಂದು ಲೆಕ್ಕಾ ಕೊಡ್ತೀನಿ, ಸರಿಯಾಗಿ ಕೇಳ್ರಿ..."

"ಹೇಳ್ರಪ್ಪೋ ಹೇಳ್ರಿ!!"

ಗಂಟೆ ಹನ್ನೊಂದಾಗಿರಬೇಕು. ಹೊರಗಿನಿಂದ ಮೈಕು ಗರ್ಜಿಸಿತು. "ಕೇಳ್ರವ್ವೋ ಕೇಳ್ರಿ! ಉಳ್ಳಾಗಡ್ಡಿ!"

"ಹೇಳ್ರಪ್ಪೋ ಹೇಳ್ರಿ!!" ಈ ಸಲ ಇಡೀ ಶಾಲೆಯೇ ಕೂಡಿಕೊಂಡಿತು. ಚನ್ನೇಶ ಸರ್ ಕಿಟಕಿಯ ಕಡೆ ಮುಖ ಮಾಡಿ ಆಕಾಶ ನೋಡುತ್ತ ನಿಂತರು. ಸಾಹೇಬರು ಬಾಬಾಜಾನರ ಮೂರೂ ಆವೃತ್ತಿ ಮುಗಿಯುವವರೆಗೆ ಕಾದು, 'ಕೇಳ್ರಿ' ಎಂಬ ಪದವನ್ನು ಜೋಪಾನವಾಗಿ ದಾಟಿಕೊಂಡು ಪ್ರಶ್ನೆ ಹಾಕಿದರು.

"ಅರ್ಧಾ ರೊಟ್ಟಿಗೆ ಕಾಲ ರೊಟ್ಟಿ ಕೂಡಿಸಿದ್ರ ಎಷ್ಟಾತು?"

ಮೌನ. ತುಟಿಯ ಮೇಲೆ ಬೆರಳು. ಸಾಂಬಾರು ಕುದಿಯುತ್ತಿತ್ತು.

"ಯಾಕ, ಯಾರೂ ಮಾತಾಡವಲ್ರು?"

"ಶಿಸ್ತು ಸಾಹೇಬ್ರ" ಎಂದೆ, ಹಣೆಯ ಬೆವರೊರೆಸಿಕೊಳ್ಳುತ್ತ.

"ಶಿಸ್ತು ಕಾಣತೈತಿ. ಉತ್ತರ ಕಾಣವಲ್ದು." ಅವರು ಮುಂದಿನ ಸಾಲಿನ ಅಲ್ಮಾಸಳ ಹತ್ತಿರ ಬಗ್ಗಿದರು. ಇಡೀ ಕ್ಲಾಸಿಗೆ ಮೆದು ಮಾತಿನ ಹುಡುಗಿ ಅವಳು. "ಬೊಟ್ಟು ತಗೀವಾ. ಹಿಂಗ ಸುಮ್ಮನಾದ ಮ್ಯಾಲೆ ನಿಮ್ಮ ಸರ್ ಏನ ಹೇಳ್ತಾರ?"

ಅಲ್ಮಾಸ ನನ್ನನ್ನು ನೋಡಿದಳು. ನಾನು ಹೊಸ ಅಂಗಿಯ ಗುಂಡಿ ನೋಡಿಕೊಂಡೆ.

"ಏನೂ ಹೇಳಂಗಿಲ್ರಿ. ಕುರ್ಚಿ ಮ್ಯಾಲೆ ಕುಂತು ಮೊಬೈಲ್‌ನ್ಯಾಗ ತತ್ತಿ ಲೆಕ್ಕಾ ಬರೀತಾರ್ರಿ."

"ಆಮ್ಯಾಲೆ?"

"ನಾವು ಮತ್ತ ಗದ್ಲಾ ಮಾಡ್ತೀವ್ರಿ."

"ಯಾಕವಾ?"

"ಸರ್ ಮತ್ತ ಕೇಳ್ರಿ ಅಂತಾರಲ್ರಿ. ಆವಾಗರ ಏನಾರ ಹೇಳಬಹುದು ಅಂತ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ನಲವತ್ತೇಳು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಆ ದಿನ ಮೊದಲ ಸಲ ಆ ಮೌನ ನನಗೆ ಸುಖ ಕೊಡಲಿಲ್ಲ.

ಸಾಹೇಬರು ನೆಟ್ಟಗಾದರು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದೊಡ್ಡದೊಂದು ರೊಟ್ಟಿ ಬರೆದರು. "ನಾಕ ಮಂದಿ ಉಣ್ಣಾಕ ಬಂದಾರ, ಹರೀರಿ ಇದನ್ನ!" ಎಂದರು. ಕ್ಲಾಸು ಭೋರ್ಗರೆಯಿತು. ಒಬ್ಬ ಗೆರೆ ಎಳೆದು ಹರಿದ, ಇನ್ನೊಬ್ಬ ತಪ್ಪು ಎಂದ, ಮೂರನೆಯವಳು ಓಡಿಬಂದು ಅಳಿಸಿದಳು. ಹತ್ತು ನಿಮಿಷ ಗುತ್ತಲದ ಸಂತೆ ನಾಚುವಂಥ ಗದ್ದಲ. ಸಾಹೇಬರು ಒಮ್ಮೆಯೂ ಸುಮ್ಮನಿರಿ ಎನ್ನಲಿಲ್ಲ. ಕೊನೆಗೆ ಅರ್ಧಕ್ಕೆ ಕಾಲು ಕೂಡಿಸಿ ಇಡೀ ಕ್ಲಾಸು ಒಕ್ಕೊರಲಿನಿಂದ "ಮುಕ್ಕಾಲು!" ಎಂದು ಕೂಗಿತು.

ಹೋಗುವಾಗ ಭೇಟಿ ಪುಸ್ತಕದಲ್ಲಿ ಎರಡು ಸಾಲು ಬರೆದರು. ಅದರ ನಕಲು ಪ್ರತಿಯನ್ನು ಚನ್ನೇಶ ಸರ್ ನನ್ನ ಕೈಗಿಟ್ಟು, "ಉತ್ತರ ಬರದು ತಾ" ಎಂದರು. ಸಂಜೆ ಮನೆಗೆ ಬಂದು ಚೀಲದ ತಳದಲ್ಲಿ ಬಚ್ಚಿಟ್ಟೆ. ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದ ರೋಹಿಣಿಗೆ ಮೊದಲು ಸಿಕ್ಕಿದ್ದೇ ಅದು! ನಿಂತಲ್ಲೇ ಗಟ್ಟಿಯಾಗಿ ಓದಿದಳು.

"'ಮಕ್ಕಳು ಕೇಳಲು ಸಿದ್ಧರಿದ್ದಾರೆ. ಶಿಕ್ಷಕರು ಹೇಳಲು ಏನಾದರೂ ಸಿದ್ಧಪಡಿಸಿಕೊಂಡು ಬರತಕ್ಕದ್ದು.'"

ಬಿದ್ದು ಬಿದ್ದು ನಗುತ್ತಾಳೆಂದು ಕಾದೆ. ನಗಲಿಲ್ಲ. ಹಾಳೆಯನ್ನು ಇನ್ನೊಮ್ಮೆ ಓದಿ, ಮಡಚಿ, ನನ್ನ ಜೇಬಿಗೆ ಇಟ್ಟು ನಿಟ್ಟುಸಿರು ಬಿಟ್ಟಳು.

"ಭಾಳ ಶಾಣ್ಯಾ ಅದಾರ ನೋಡ್ರಿ ನಿಮ್ಮ ಸಾಹೇಬ್ರು. ಒಂದ ತಾಸಿನಾಗ ನಿಮ್ಮನ್ನ ಪೂರಾ ತಿಳ್ಕೊಂಡು ಹೋದ್ರು. ನನಗ ಹನ್ನೆರಡ ವರ್ಷ ಹಿಡೀತು!"